ಮೂರು ವರ್ಷದ ಕೈಗೆ ಪೆನ್ಸಿಲ್ ಯಾಕೆ?

ಎಂಟನೇ, ಒಂಬತ್ತನೇ ತರಗತಿಯ ನಮಗೆ ಬಾಲವಾಡಿಯ ವಿಷಯ ಯಾಕೆ ಅಂತ ನಿಮಗೆ ಅನ್ನಿಸಬಹುದು. ಆದರೆ ನಿಮ್ಮಲ್ಲಿ ಬಹಳ ಜನರ ಮನೆಯಲ್ಲಿ ಒಬ್ಬ ತಮ್ಮನೋ, ತಂಗಿಯೋ, ಅಕ್ಕನ ಮಗುವೋ ಇದೆ. ಬೆಳಿಗ್ಗೆ ಟೈ ಕಟ್ಟಿಕೊಂಡು ಎಲ್‌ಕೆಜಿಯ ವ್ಯಾನ್ ಹತ್ತುತ್ತದೆ. ಸಂಜೆ ಪುಟ ತುಂಬ ಎ, ಬಿ, ಸಿ, ಡಿ ಬರೆಯಬೇಕಲ್ಲ ಅಂತ ಅಳುತ್ತ ಕೂರುತ್ತದೆ. ಅವ್ವ ಅಡುಗೆಮನೆಯಲ್ಲಿ, ಅಪ್ಪ ಹೊಲದಲ್ಲಿ. ಕೈ ಹಿಡಿದು ಬರೆಸುವವರು ನೀವೇ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ: ಆ ಪೆನ್ಸಿಲ್ ಸ್ವಲ್ಪ ದಿನ ತೆಗೆದಿಡಿ.

ಇದು ಬರೀ ಮುದ್ದಿನ ಮಾತಲ್ಲ. ನಮ್ಮ ಮಣಿಕಟ್ಟಿನಲ್ಲಿ ಎಂಟು ಚಿಕ್ಕ ಮೂಳೆಗಳಿವೆ. ಆಗತಾನೆ ಹುಟ್ಟಿದ ಮಗುವಿನ ಎಕ್ಸ್‌ರೇ ತೆಗೆದರೆ ಅಲ್ಲಿ ಸಾಮಾನ್ಯವಾಗಿ ಒಂದೂ ಕಾಣುವುದಿಲ್ಲ, ಎಲ್ಲ ಇನ್ನೂ ಮೃದ್ವಸ್ಥಿ. ಮೊದಲ ಕೆಲವು ತಿಂಗಳಲ್ಲಿ ಎರಡು ಗಟ್ಟಿಯಾಗತೊಡಗುತ್ತವೆ. ಮೂರು ವರ್ಷಕ್ಕೆ ಮೂರೋ ನಾಲ್ಕೋ. ಎಂಟನೆಯದು ಕಾಣಲು ಹತ್ತು ವರ್ಷದ ಆಚೀಚೆ ಆಗುತ್ತದೆ. ಹಾಗಂತ ಮೃದ್ವಸ್ಥಿಯ ಕೈ ಕೆಲಸ ಮಾಡುವುದಿಲ್ಲ ಅಂತಲ್ಲ. ಆ ಮಗು ಹಿಟ್ಟು ನಾದುತ್ತದೆ, ಹುಣಸೆಬೀಜ ಹೆಕ್ಕುತ್ತದೆ, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಕೊಂಬು ತಿದ್ದುತ್ತದೆ. ಬೆರಳಿನ ಸಣ್ಣ ಸ್ನಾಯುಗಳು ಮಿದುಳಿನ ಹತೋಟಿಗೆ ಬರುವುದು ಇಂಥ ಕೆಲಸಗಳಿಂದಲೇ. ಪೆನ್ಸಿಲ್ ಆಮೇಲಿನದು.

ಇದನ್ನು ಬೇಗ ಕಂಡುಕೊಂಡವರಲ್ಲಿ ಒಬ್ಬ ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್. ಬರ್ಲಿನ್ನಿನ ಖನಿಜ ಸಂಗ್ರಹಾಲಯದಲ್ಲಿ ಸಹಾಯಕನಾಗಿ ಸ್ಫಟಿಕಗಳನ್ನು ನೋಡಿ ನೋಡಿ ಪಳಗಿದ ಕಣ್ಣು ಅವನದು. 1837ರಲ್ಲಿ ಪುಟ್ಟ ಮಕ್ಕಳಿಗಾಗಿ ಕೇಂದ್ರ ತೆರೆದು ಅವರ ಕೈಗೆ ಕೊಟ್ಟದ್ದು ಉಣ್ಣೆಯ ಚೆಂಡು, ಮರದ ಗೋಳ, ಘನ, ಸಿಲಿಂಡರ್. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಅಂತ ಹೆಸರಿಟ್ಟ. ಅಂದರೆ ಮಕ್ಕಳ ತೋಟ. ಎಲ್‌ಕೆಜಿಯಲ್ಲಿರುವ ‘ಕೆಜಿ’ ಅದೇ ನೋಡಿ! ಹೆಸರು ಉಳಿಯಿತು, ತೋಟ ಹೋಯಿತು. 1907ರಲ್ಲಿ ರೋಮಿನ ಬಡವರ ಬಡಾವಣೆಯೊಂದರಲ್ಲಿ ಶಿಶುಮನೆ ತೆರೆದ ಮಾರಿಯಾ ಮಾಂಟೆಸ್ಸರಿ ಓದಿದ್ದು ವೈದ್ಯಕೀಯ. ಆಕೆ ಅಕ್ಷರ ಕಲಿಸಿದ್ದು ಹೌದು, ಆದರೆ ಮರಳುಕಾಗದದಿಂದ ಕತ್ತರಿಸಿದ ಅಕ್ಷರವನ್ನು ಮಕ್ಕಳು ಮೊದಲು ಬೆರಳಿನಿಂದ ತಡವಬೇಕಿತ್ತು.

ಇನ್ನು ನಮಗೆ ಹತ್ತಿರದ ಕಥೆ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ಶುರು ಮಾಡಿದರು. ಮಕ್ಕಳನ್ನು ಅವರು ನೋಡಿಕೊಂಡ ರೀತಿಗೆ ‘ಮೀಸೆ ಇರುವ ತಾಯಿ’ ಅಂತಲೇ ಜನ ಕರೆದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮುಂಬಯಿಯ ಉತ್ತರಕ್ಕಿರುವ ಬೋರ್ಡಿ ಎಂಬ ಹಳ್ಳಿಗೆ ಹೋದರು. ಮಾಂಟೆಸ್ಸರಿ ಸಾಮಾನು ಕೊಳ್ಳಲು ದುಡ್ಡೆಲ್ಲಿ? ಚಿಪ್ಪು, ಬೀಜ, ಬೆಣಚುಕಲ್ಲು, ಎಲೆ, ಇವೇ ಸಾಮಾನಾದವು. ಬಡ ಮಕ್ಕಳು ಶಾಲೆಗೆ ಬರದಿದ್ದಾಗ ಶಾಲೆಯನ್ನೇ ಅವರ ಕೇರಿಯ ಅಂಗಳಕ್ಕೆ ಒಯ್ದರು. ಅನುತಾಯಿ ವಾಘ್ ಅವರ ಜೊತೆಗಿದ್ದರು. ಮರಾಠಿಯ ‘ಅಂಗಣ’ ನಮ್ಮ ಅಂಗಳವೇ. ಅಂಗಣವಾಡಿ ಅನ್ನುವ ಮಾತು ಹೀಗೆ ಬಂತು. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ 33 ಕಡೆ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿದಾಗ ಅದರ ಕೇಂದ್ರಗಳಿಗೂ ಇದೇ ಹೆಸರು. ಆ 33ರಲ್ಲಿ ಒಂದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ.

ಅಂಗಳಕ್ಕೆ ಹೋದ ಶಾಲೆ ಅಂಗಳದ ಮಾತನ್ನೂ ಆಡಬೇಕಲ್ಲ. ನಮ್ಮ ಜತ್ತ, ಅಕ್ಕಲಕೋಟೆ ಕಡೆ ಇಲ್ಲೇ ತೊಡಕಿದೆ. ಸೇವಿಕಾ ಬಾಯಿ ಊರಿನವರೇ ಆಗಿದ್ದರೆ ಮಗುವಿನ ಜೊತೆ ಕನ್ನಡ ಮಾತಾಡುತ್ತಾರೆ, ಪುಣ್ಯ. ಆದರೆ ಗೋಡೆಯ ಚಿತ್ರಪಟ, ಹಾಡು, ಕಲಿಕೆಯ ಪುಸ್ತಕ ಮರಾಠಿಯವು. ಮರಾಠಿ ನಮಗೆ ಪರಕೀಯವೇನಲ್ಲ, ಸಂತೆಯಲ್ಲಿ ಎಲ್ಲರೂ ಆಡುತ್ತೇವೆ. ಇಂಗ್ಲಿಷ್ ಬೇಡ ಅನ್ನುವವನೂ ನಾನಲ್ಲ. ಮಗ ಮುಂದೆ ಬರಲಿ ಅಂತ ಸಾಲ ಮಾಡಿ ಫೀ ಕಟ್ಟುವ ಅಪ್ಪನನ್ನು ಬೈಯಲು ನನಗೆ ಬಾಯಿಲ್ಲ. ಆದರೆ ಮೂರು ವರ್ಷದ ಮಗು ‘ಯಾಕೆ?’ ಅಂತ ದಿನಕ್ಕೆ ಎಷ್ಟು ಸಲ ಕೇಳುತ್ತದೆ, ನೀವೇ ಎಣಿಸಿ ನೋಡಿ. ಆ ಪ್ರಶ್ನೆ ಅದರ ಬಾಯಿಗೆ ಬರುವುದು ಮನೆಮಾತಿನಲ್ಲಿ. ಆ ಮಾತು ನಡೆಯದ ಕಡೆ ಕೂರಿಸಿದರೆ ಮಗು ಕೇಳುವುದನ್ನು ಬಿಟ್ಟು ಹೇಳಿದ್ದನ್ನು ಬರೆಯುತ್ತದೆ. ವಿಜ್ಞಾನದ ಮೇಷ್ಟ್ರಾದ ನನಗೆ ಇದೇ ದೊಡ್ಡ ನಷ್ಟ ಅನ್ನಿಸುತ್ತದೆ.

ನಮ್ಮ ಕನ್ನಡ ಶಾಲೆಗಳು ಮಕ್ಕಳನ್ನು ಹುಡುಕಿಕೊಂಡು ಮನೆಮನೆಗೆ ಹೋಗುವುದು ಮಗುವಿಗೆ ಆರು ವರ್ಷವಾದಾಗ. ಮನೆಯವರು ತೀರ್ಮಾನ ಮಾಡುವುದು ಮೂರಕ್ಕೆ. ವ್ಯಾನ್ ಹತ್ತಿದ ಮಗು ಒಂದನೇ ತರಗತಿಗೆ ಇಳಿದು ನಮ್ಮ ಕಡೆ ಬರುತ್ತದೆಯೇ? 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನದನ್ನು ಒಂದೇ ಬುನಾದಿ ಹಂತ ಮಾಡಿದೆ. ಸಾಧ್ಯವಾದ ಕಡೆ ಮನೆಮಾತಿನಲ್ಲೇ ಕಲಿಸಿ ಅಂದಿದೆ, ಪ್ರಾಥಮಿಕ ಶಾಲೆಯ ಆವರಣದಲ್ಲೇ ಅಂಗನವಾಡಿ ಇರಬಹುದು ಅಂತಲೂ ಅಂದಿದೆ. ಹಾಗಿದ್ದರೆ ಪ್ರತಿ ಕನ್ನಡ ಶಾಲೆಯ ಅಂಗಳದಲ್ಲಿ ಒಂದು ಕನ್ನಡ ಬಾಲವಾಡಿ ಬೇಕು ಅಂತ ನಾವು ಕೇಳಲೇಬೇಕು. ಕೇಳುವುದು ದೊಡ್ಡವರ ಕೆಲಸ. ಪಾಲಕರ ಸಭೆಯಲ್ಲಿ ನಿಮ್ಮ ಅಪ್ಪ ಅವ್ವ ಬಾಯಿಬಿಡುವಂತೆ ಮಾಡುವುದು ನಿಮ್ಮದು.

ಅಲ್ಲಿಯವರೆಗೆ ಮನೆಯ ಪುಟ್ಟಿಗೆ ಒಂದು ಬೊಗಸೆ ಹುಣಸೆಬೀಜ ಕೊಡಿ. ಎರಡು ಗುಂಪು ಮಾಡಿ ಯಾವುದು ಹೆಚ್ಚು ಅಂತ ಕೇಳಿ. ನೀರಲ್ಲಿ ಹಾಕಿ, ಯಾವುದು ಮುಳುಗಿತು, ಯಾವುದು ತೇಲಿತು ಅಂತ ಕೇಳಿ. ಏನು ಉತ್ತರ ಬಂತು ಅನ್ನುವುದನ್ನು ಅದರದೇ ಮಾತಿನಲ್ಲಿ ಬರೆದು ಕಳಿಸಿ.