ಅವ್ವನ ಟಿಕ್ಲಿ ಇದ್ದಲ್ಲೇ ಇದೆ, ಬಟನ್ ಹೋಯ್ತು

ಹೋದ ವಾರ ತೋಟದ ಬಸಿಗಾಲುವೆ ಬಗ್ಗೆ ಬರೆದಿದ್ದೆ. ಸುಮಾರು ಜನ ಫೋನ್ ಮಾಡಿ ಕೇಳಿದಿರಿ, ಅದರ ಮುಂದಿನ ಭಾಗ ಬರೀತೀನಿ. ಇವತ್ತು ಬೇರೆ ವಿಷಯ, ಫೋನಿನ ವಿಷಯ. ಬೆಳೆ ಬಿಟ್ಟು ಇದನ್ನ ಯಾಕೆ ಬರೀತಾನೆ ಅಂದ್ಕೋಬೇಡಿ, ಇದೂ ತೋಟದಲ್ಲೇ ಶುರುವಾಗಿದ್ದು.

ನಮ್ಮ ಫೀಡರಿಗೆ ಈಗ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿ. ಹತ್ತು ಗಂಟೆ ಮೇಲೆ ಬರುತ್ತೆ. ಈ ಬಿಸಿಲಲ್ಲಿ ಅಡಿಕೆ ಗಿಡ ಒಣಗಿಸೋಕೆ ಆಗಲ್ಲ, ಎದ್ದು ಹೋಗಲೇಬೇಕು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ದೊಣ್ಣೆ, ಅಂಗಿ ಜೇಬಲ್ಲಿ ಫೋನು ಹಾಡ್ತಾ ಇರಬೇಕು. ಇದು ಬರೀ ಶೋಕಿಗಲ್ಲ ಅಂತ ನಿಮಗೂ ಗೊತ್ತು. ಚಿರತೆ ಓಡಾಡೋ ಕಡೆ ಮನುಷ್ಯ ಬರ್ತಾ ಇದಾನೆ ಅಂತ ಸದ್ದು ಕೊಟ್ಕೊಂಡು ಹೋಗೋದು ನಮ್ಮ ಪದ್ಧತಿ. ನಮ್ಮಪ್ಪ ಎತ್ತಿಗೆ ಬೈಕೊಂಡು ಹೋಗೋರು. ಎತ್ತು ಕೊಟ್ಟಿಗೇಲಿ ಮಲಗಿದ್ರೂ ಎತ್ತಿಗೇ ಬೈಕೊಂಡು ಹೋಗೋರು. ನನಗೆ ಫೋನ್ ಬಂತು.

ಬೋರ್ ಇರೋದು ತಗ್ಗಿನಲ್ಲಿ, ಅಲ್ಲಿ ಸಿಗ್ನಲ್ ಇಲ್ಲ. ಅದಕ್ಕೆ ಮನೇಲೇ ಹಳೇ ಸಿನಿಮಾ ಹಾಡು, ಹರಿಕಥೆ ಎಲ್ಲಾ ಡೌನ್‌ಲೋಡ್ ಮಾಡಿ ಇಟ್ಕೊಂಡಿದ್ದೆ. ಆಪ್ ಯಾವುದು ಅಂತ ಹೆಸರು ಹೇಳಲ್ಲ. ರೀಚಾರ್ಜ್ ಜೊತೆ ಸಿಗುತ್ತಲ್ಲ, ಹಾಡು ಸಿನಿಮಾ ಎಲ್ಲಾ ಇರೋದು, ಅಂಥದ್ದೊಂದು. ತೆಗೆದ ತಕ್ಷಣ ಕೆಳಗಡೆ ಬಲಗಡೆ ಮೂಲೇಲಿ ಡೌನ್‌ಲೋಡ್ ಗುರುತು ಇತ್ತು, ಬಾಣ ಕೆಳಕ್ಕೆ ಇಳಿದ ಹಾಗೆ. ಹೆಬ್ಬೆಟ್ಟು ತಾನಾಗೇ ಅಲ್ಲಿಗೆ ಹೋಗೋದು. ಎರಡು ವರ್ಷದಿಂದ ನಾನು ಅದನ್ನ ನೋಡಿ ಒತ್ತಿದ್ದೇ ಇಲ್ಲ ಅನ್ನಬಹುದು.

ಆವತ್ತು ರಾತ್ರಿ ಪಂಪ್ ಮನೆ ಹತ್ತಿರ ಹೋಗಿ ಒತ್ತಿದೆ. ಹಾಡು ಬರಲಿಲ್ಲ. ನೋಡಿದರೆ ಆಪ್ ಪೂರ್ತಿ ಬದಲಾಗಿ ಕೂತಿದೆ. ಕನ್ನಡದಲ್ಲಿ ಇದ್ದ ಹೆಸರೆಲ್ಲ ಇಂಗ್ಲಿಷ್ ಆಗಿದೆ. ನನ್ನ ಬಾಣದ ಗುರುತು ಇದ್ದ ಜಾಗದಲ್ಲಿ ಯಾವುದೋ ಮಿಂಚಿನ ಗುರುತು. ಅದನ್ನ ಒತ್ತಿದರೆ ಚಿಕ್ಕ ಚಿಕ್ಕ ವಿಡಿಯೋಗಳ ಪುಟವಂತೆ. ಅಲ್ಲಿ ಸಿಗ್ನಲ್ ಇಲ್ಲವಲ್ಲ, ಒಂದು ಉಂಗುರ ಸುತ್ತೋಕೆ ಶುರುವಾಯ್ತು. ಸುತ್ತಿತು, ಸುತ್ತಿತು. ಕೈಯೆಲ್ಲ ಒದ್ದೆ, ಸ್ಕ್ರೀನ್ ಮೇಲೆ ಕೆಸರು, ಹಿಂದಕ್ಕೆ ಬಂದರೆ ಮತ್ತೆ ಅದೇ ಉಂಗುರ. ಹಾಡುಗಳು ಫೋನ್ ಒಳಗೇ ಇವೆ, ನಾನೇ ತುಂಬಿಸಿದ್ದು, ಆದರೆ ಅಲ್ಲಿಗೆ ಹೋಗೋ ದಾರಿ ಇಲ್ಲ. ಕೊನೆಗೆ ನಾನೂ ಎತ್ತಿಗೆ ಬೈಕೊಂಡೇ ಗೇಟ್‌ವಾಲ್ವ್ ತಿರುಗಿಸಿ ಬಂದೆ. ನಮ್ಮನೇಲಿ ಎತ್ತು ಕೊಟ್ಟು ಹನ್ನೊಂದು ವರ್ಷ ಆಯ್ತು.

ಬೆಳಿಗ್ಗೆ ಮಗಳು ಹುಡುಕಿ ಕೊಟ್ಟಳು. ಮೇಲೆ ಬಲಗಡೆ ಒಂದು ಗುಂಡಗೆ ಇರೋ ಮುಖದ ಗುರುತು, ಅದನ್ನ ಒತ್ತಿ, ಕೆಳಗೆ ಎಳೆದು, ಇನ್ನೊಂದು ಪುಟಕ್ಕೆ ಹೋಗಿ, ಅದರೊಳಗೆ ಡೌನ್‌ಲೋಡ್. ಒಂದು ಒತ್ತಿಗೆ ಸಿಗ್ತಾ ಇದ್ದದ್ದು ಈಗ ನಾಲ್ಕು ಕೆಲಸ. ಇರಲಿ, ನಾನು ಎಸ್ಸೆಸ್ಸೆಲ್ಸಿ ಪಾಸಾದೋನು, ಕಲಿತೀನಿ. ನಾನು ಬರೆಯೋಕೆ ಕೂತಿದ್ದು ನಮ್ಮವ್ವನ ವಿಷಯಕ್ಕೆ.

ನಮ್ಮವ್ವಂಗೆ ಎಂಬತ್ತು ದಾಟಿದೆ. ಓದು ಬರಲ್ಲ. ಕಣ್ಣು ಒಂದು ಆಪರೇಷನ್ ಆಗಿದೆ, ಇನ್ನೊಂದು ಮಂಜು. ಮಧ್ಯಾಹ್ನ ಊಟ ಆದ ಮೇಲೆ ಗುರುರಾಜುಲು ನಾಯ್ಡು ಅವರ ಹರಿಕಥೆ ಕೇಳಬೇಕು, ಅದು ಕ್ಯಾಸೆಟ್ ಕಾಲದಿಂದ ಬಂದ ರೂಢಿ. ಕ್ಯಾಸೆಟ್ ಹೋಯ್ತು, ಟೇಪ್ ರೆಕಾರ್ಡರ್ ಇಲಿ ಕಡಿದು ಹೋಯ್ತು, ಆಮೇಲೆ ಮಗಳು ಒಂದು ಹಳೇ ಫೋನನ್ನ ಅಜ್ಜಿಗೆ ಅಂತಲೇ ಮಾಡಿಕೊಟ್ಟಳು. ಕಲಿಸೋದು ಹೇಗೆ? ಅವಳೇ ಒಂದು ಉಪಾಯ ಮಾಡಿದಳು. ತನ್ನ ಟಿಕ್ಲಿ ಹಾಳೆಯಿಂದ ಒಂದು ಕೆಂಪು ಟಿಕ್ಲಿ ತೆಗೆದು ಫೋನಿನ ಕೆಳಗಿನ ಅಂಚಿಗೆ, ಡೌನ್‌ಲೋಡ್ ಗುರುತಿನ ಸರಿ ಕೆಳಕ್ಕೆ ಅಂಟಿಸಿದಳು. "ಅಜ್ಜಿ, ಈ ಬೊಟ್ಟಿನ ಮೇಲುಗಡೆ ಒತ್ತು, ಆಮೇಲೆ ಮೊದಲನೇ ಚಿತ್ರ ಒತ್ತು." ಅಷ್ಟೇ ಪಾಠ. ಅವ್ವ ಎರಡು ದಿನಕ್ಕೆ ಕಲಿತಳು. ಬೆರಳಲ್ಲಿ ಟಿಕ್ಲಿ ತಡವಿ, ಅಲ್ಲಿಂದ ಒಂದು ಬೆರಳು ಮೇಲಕ್ಕೆ. ಪಕ್ಕದ ಮನೆಯ ಇಬ್ಬರು ಅಜ್ಜಿಯರನ್ನ ಕರೆದು ಕೂರಿಸ್ಕೊಂಡು ತಾನೇ ಹಾಕಿ ತೋರಿಸೋಳು. ಆ ಗತ್ತು ನೋಡಬೇಕಿತ್ತು ನೀವು.

ಟಿಕ್ಲಿ ನೋಡಿ ನನಗೆ ನಮ್ಮಪ್ಪನ ರೇಡಿಯೋ ನೆನಪಾಗಿತ್ತು. ಅಪ್ಪ ಎಲೆ ಅಡಿಕೆ ಹಾಕೋರು, ರೇಡಿಯೋದ ಗಾಜಿನ ಮೇಲೆ ಬೆಂಗಳೂರು ಆಕಾಶವಾಣಿ ಸಿಗೋ 612ರ ಹತ್ತಿರ ಒಂದು ಸುಣ್ಣದ ಬೊಟ್ಟು ಇಟ್ಟಿದ್ದರು. ಸಂಜೆ ಕೃಷಿರಂಗಕ್ಕೆ ಮುಳ್ಳು ಆ ಬೊಟ್ಟಿಗೆ ತಂದರೆ ಮುಗೀತು. ಆ ಬೊಟ್ಟು ಅಳಿಸಿ ಅಳಿಸಿ ಮತ್ತೆ ಇಟ್ಟಿದ್ದಾರೆ, ಜಾಗ ಮಾತ್ರ ಒಂದು ದಿನವೂ ಬದಲಾಗಲಿಲ್ಲ.

ಆಪ್ ಬದಲಾದ ದಿನ ಅವ್ವ ಟಿಕ್ಲಿ ಮೇಲೆ ಒತ್ತಿದಾಳೆ. ಮನೇಲಿ ವೈಫೈ ಇದೆಯಲ್ಲ, ಸುತ್ತೋ ಉಂಗುರ ಬರಲಿಲ್ಲ, ಯಾರೋ ಕುಣಿಯೋ ವಿಡಿಯೋ ಜೋರಾಗಿ ಶುರುವಾಗಿದೆ. ಪಕ್ಕದಲ್ಲಿ ಆ ಇಬ್ಬರು ಅಜ್ಜಿಯರು. ಅವ್ವ ಮತ್ತೆ ಒತ್ತಿದಾಳೆ, ಇನ್ನೊಂದು ಕುಣಿತ. ನಿಲ್ಲಿಸೋದು ಗೊತ್ತಾಗಿಲ್ಲ, ಫೋನನ್ನ ದಿಂಬಿನ ಕೆಳಗೆ ತುರುಕಿದಾಳೆ. ಇದೆಲ್ಲ ನನಗೆ ಗೊತ್ತಾಗಿದ್ದು ನಾಲ್ಕು ದಿನ ಆದ ಮೇಲೆ. ಮಧ್ಯಾಹ್ನ ಸದ್ದೇ ಇಲ್ಲವಲ್ಲ ಅಂತ ಕೇಳಿದೆ. "ಯಾಕವ್ವ, ಕಥೆ ಹಾಕಿಲ್ಲ?" ಅಂದರೆ "ಸಾಕು ಬಿಡಪ್ಪ, ಕೇಳಿ ಕೇಳಿ ಬೇಜಾರಾಗಿದೆ" ಅಂದಳು. ನಲವತ್ತು ವರ್ಷ ಬೇಜಾರಾಗದೇ ಇದ್ದದ್ದು! ಬಿಡಿಸಿ ಕೇಳಿದ ಮೇಲೆ, ಸಣ್ಣ ದನಿಯಲ್ಲಿ, "ನಾನೇ ಏನೋ ಒತ್ತಿ ಕೆಡಿಸ್ಬಿಟ್ಟೆ ಕಣೋ, ದುಡ್ಡು ಎಷ್ಟಾಗುತ್ತೋ ಏನೋ ಅಂತ ಹೇಳಲಿಲ್ಲ" ಅಂದಳು.

ನನಗೆ ಸಿಟ್ಟು ಬಂದಿದ್ದು ಇಲ್ಲಿ. ಬಟನ್ ಬದಲಾಯಿಸಿದೋರು ಯಾರೋ, ತಪ್ಪು ಮಾಡಿದೆ ಅಂತ ನಾಲ್ಕು ದಿನ ಒಳಗೊಳಗೇ ಕೊರಗಿದೋಳು ನಮ್ಮವ್ವ.

ಅಕ್ಕನ ಮಗ ಬೆಂಗಳೂರಲ್ಲಿ ಇಂಥದ್ದೇ ಕೆಲಸದಲ್ಲಿದಾನೆ, ಈ ಆಪಿನ ಕಂಪನಿ ಅಲ್ಲ, ಬೇರೆ. ಭಾನುವಾರ ಬಂದಿದ್ದ, ಅವನ ಮೇಲೆ ಹರಿಹಾಯ್ದೆ. ಅವನು ಸಮಾಧಾನವಾಗಿ ಹೇಳಿದ: "ಮಾವ, ಸುಮ್ಮಸುಮ್ಮನೆ ಬದಲಾಯಿಸಲ್ಲ. ಮೊದಲು ಸ್ವಲ್ಪ ಜನಕ್ಕೆ ಹೊಸದು ಕೊಡ್ತೀವಿ, ಮಿಕ್ಕೋರಿಗೆ ಹಳೇದು. ಯಾರು ಎಷ್ಟು ಹೊತ್ತು ಇರ್ತಾರೆ, ಎಲ್ಲಿ ಒತ್ತುತಾರೆ ಅಂತ ಲೆಕ್ಕ ನೋಡಿ ಆಮೇಲೆ ಎಲ್ಲರಿಗೂ ಬಿಡ್ತೀವಿ."

ಅಂದರೆ ತಾಕು! ಕೃಷಿ ವಿಜ್ಞಾನ ಕೇಂದ್ರದವರು ನಮ್ಮ ಹೊಲದಲ್ಲಿ ಮಾಡ್ತಾರಲ್ಲ, ಜಿಪಿಯು-28 ಪಕ್ಕದಲ್ಲಿ ಎಂಎಲ್-365 ಹಾಕಿ ಕಾಳು ತೂಗಿ ನೋಡೋದು, ಅದೇ. ಆದರೆ ಅವರು ರೈತನನ್ನ ಕೇಳಿ ಹಾಕ್ತಾರೆ. ಬೋರ್ಡ್ ನೆಡ್ತಾರೆ. ಹೊಸ ತಳಿ ಬೇಡ ಅಂದರೆ ಮುಂದಿನ ವರ್ಷ ನಿನ್ನ ಹಳೇ ತಳಿ ನಿನ್ನ ಕಣಜದಲ್ಲೇ ಇರುತ್ತೆ. ಇಲ್ಲಿ ನಮಗೆ ಗೊತ್ತಿಲ್ಲದೆ ನಾವೇ ತಾಕು ಆಗಿದೀವಿ, ಹಳೇ ಬಿತ್ತನೆಯನ್ನೂ ರಾತ್ರೋರಾತ್ರಿ ಎತ್ಕೊಂಡು ಹೋಗಿರ್ತಾರೆ.

ಇನ್ನೊಂದು ಮಾತು ಕೇಳಿದೆ ಅವನನ್ನ. "ನಮ್ಮವ್ವ ಹರಿಕಥೆ ಹುಡುಕ್ತಾ ಇಪ್ಪತ್ತು ನಿಮಿಷ ಅಲ್ಲಿ ಇಲ್ಲಿ ಒತ್ತಿದಳಲ್ಲ, ಅದು ನಿಮ್ಮ ಲೆಕ್ಕದಲ್ಲಿ ಏನಾಗುತ್ತೆ?" ಸ್ವಲ್ಪ ಹೊತ್ತು ಯೋಚನೆ ಮಾಡಿ ನಕ್ಕ. "ಬರೀ ಹೊತ್ತು ಮಾತ್ರ ಎಣಿಸಿದರೆ, ಅಜ್ಜಿ ಇಪ್ಪತ್ತು ನಿಮಿಷ ಚೆನ್ನಾಗಿ ಬಳಸಿದ್ರು ಅಂತಾಗುತ್ತೆ ಮಾವ." ಕಳೆಯನ್ನೂ ಸೇರಿಸಿ ಇಳುವರಿ ತೂಗೋದು ಅಂದರೆ ಇದೇ ಅಲ್ವಾ? ಒಳ್ಳೇ ಕಂಪನಿಯವರು ಬೇರೆ ಥರಾನೂ ಅಳೀತಾರೆ, ಜನರನ್ನ ಕೂರಿಸಿ ಕೇಳ್ತಾರೆ ಅಂದ. ನಮ್ಮವ್ವನನ್ನ ಯಾರೂ ಕೇಳಿಲ್ಲ.

ಅವನೇ ಹೇಳಿದ ಇನ್ನೊಂದು ಕಥೆ. ಅಮೆರಿಕದಲ್ಲಿ ಸೋನೋಸ್ ಅಂತ ದುಬಾರಿ ಸ್ಪೀಕರ್ ಮಾಡೋ ಕಂಪನಿ ಇದೆ. 2024ರ ಮೇ ತಿಂಗಳಲ್ಲಿ ಅವರು ಸ್ಪೀಕರ್ ನಡೆಸೋ ಆಪನ್ನ ಪೂರ್ತಿ ಹೊಸದು ಮಾಡಿದರು. ಅಲಾರಾಂ ಇಡೋದು, ಮಲಗುವಾಗ ತಾನೇ ಆಫ್ ಆಗೋದು, ಇಂಥ ದಿನಾ ಬಳಸೋವೇ ಹೊಸದರಲ್ಲಿ ಇರಲಿಲ್ಲ. ಕಣ್ಣು ಕಾಣದವರು ಫೋನ್ ಓದಿ ಹೇಳಿದ್ದನ್ನ ಕೇಳಿ ಬಳಸ್ತಾರಲ್ಲ, ಅವರಿಗೂ ಕಷ್ಟವಾಯ್ತು. ಜನ ದಂಗೆ ಎದ್ದರು. ಜುಲೈನಲ್ಲಿ ಕಂಪನಿಯ ಮುಖ್ಯಸ್ಥ ಪ್ಯಾಟ್ರಿಕ್ ಸ್ಪೆನ್ಸ್ ಬಹಿರಂಗವಾಗಿ ಕ್ಷಮೆ ಕೇಳಿದರು. ಹಳೇದೇ ವಾಪಸ್ ಕೊಡಿ ಅಂದರೆ, ಕೊಟ್ಟರೆ ಇನ್ನೂ ಕೆಡುತ್ತೆ, ಆಗಲ್ಲ ಅಂದರು. ಸರಿಮಾಡೋಕೆ ಎರಡರಿಂದ ಮೂರು ಕೋಟಿ ಡಾಲರ್ ಖರ್ಚು ಅಂತ ಅವರೇ ಹೇಳಿದರು. 2025ರ ಜನವರಿಯಲ್ಲಿ ಆ ಮುಖ್ಯಸ್ಥರು ಹುದ್ದೆಯನ್ನೇ ಬಿಟ್ಟರು.

ಕೇಳಿ ನನಗೆ ಎರಡು ಅನ್ನಿಸ್ತು. ಒಂದು, ಓದು ಬರದ ನಮ್ಮವ್ವ ಒಬ್ಬಳೇ ದಡ್ಡಿ ಅಲ್ಲ, ಡಾಲರ್ ಕೊಟ್ಟು ಸ್ಪೀಕರ್ ತಗೊಂಡೋರಿಗೂ ಇದೇ ಗತಿ ಆಗಿದೆ. ಇದನ್ನ ಅವ್ವಂಗೂ ಹೇಳಿದೆ, ಸ್ವಲ್ಪ ಮುಖ ಅರಳಿತು. ಎರಡನೇದು, ಅಲ್ಲಿ ಗಲಾಟೆ ಮಾಡಿದ್ದಕ್ಕೆ ಕಂಪನಿ ಬಗ್ಗಿತು. ನಮ್ಮೋರು ಗಲಾಟೆ ಮಾಡಲ್ಲ, ಅವ್ವನ ಥರ ದಿಂಬಿನ ಕೆಳಗೆ ಇಟ್ಟು ಸುಮ್ಮನಾಗ್ತಾರೆ.

ಪಕ್ಕದ ತೋಟದೋರು ಹೇಳಿದರು, "ಬಿಟ್ಟಿ ಬಂದಿದ್ದಕ್ಕೆ ಇಷ್ಟೊಂದು ಮಾತಾ?" ಅಂತ. ಬಿಟ್ಟಿ ಎಲ್ಲಿ ಬಂತು ಸ್ವಾಮಿ? ರೀಚಾರ್ಜಿಗೆ ಕೊಟ್ಟ ದುಡ್ಡಲ್ಲಿ ಅದೂ ಸೇರಿದೆ. ಬಿಟ್ಟಿನೇ ಅಂದುಕೊಂಡರೂ, ಊರಿಗೆ ಬಿಟ್ಟಿ ದಾರಿ ಬಿಟ್ಟುಕೊಟ್ಟೋನು ಒಂದು ರಾತ್ರಿ ಬೇಲಿ ಹಾಕಿ, ಇನ್ನೊಂದು ಕಡೆ ದಾರಿ ಮಾಡಿದೀನಿ ಹುಡುಕ್ಕೊಳ್ಳಿ ಅಂದರೆ ಪಂಚಾಯ್ತಿ ಸೇರಲ್ವಾ?

ಹೊಸದೇ ಬೇಡ ಅನ್ನೋನು ನಾನಲ್ಲ. ಡ್ರಿಪ್ ಹಾಕಿದೀನಿ, ಮೊಬೈಲಲ್ಲೇ ಪಂಪ್ ಆನ್ ಮಾಡೋ ಪೆಟ್ಟಿಗೇನೂ ಒಂದು ಬೋರಿಗೆ ಹಾಕಿಸಿದೀನಿ. ಆದರೆ ಸ್ಟಾರ್ಟರ್ ನೋಡಿ. ಅಪ್ಪನ ಕಾಲದ ಸ್ಟಾರ್ಟರಿಗೂ ಹಸಿರು ಒತ್ತಿದರೆ ಆನ್, ಕೆಂಪು ಒತ್ತಿದರೆ ಆಫ್. ಈಗಿನ ಪ್ಯಾನೆಲ್ ಬೋರ್ಡಿನ ಒಳಗೆ ಏನೇನೋ ಬಂದಿದೆ, ಓಲ್ಟೇಜ್ ಕಾಯುತ್ತೆ, ನೀರು ಖಾಲಿಯಾದರೆ ತಾನೇ ನಿಲ್ಲುತ್ತೆ. ಹೊರಗಡೆ ಅದೇ ಹಸಿರು, ಅದೇ ಕೆಂಪು. ಯಾವ ಅಂಗಡಿಯಲ್ಲಿ ತಂದರೂ ಅಷ್ಟೇ. ಕತ್ತಲಲ್ಲಿ, ಮಳೇಲಿ, ಮೋಟಾರ್ ಸುಡೋ ವಾಸನೆ ಬಂದಾಗ ಕೈ ಹುಡುಕಬಾರದು. ಹಾಡು ನಿಂತರೆ ಮೋಟಾರ್ ಸುಡಲ್ಲ, ನಿಜ. ಆದರೂ ಒಳಗೆ ಏನು ಬೇಕಾದರೂ ಬದಲಾಯಿಸಿ, ಕೈ ಹೋಗೋ ಜಾಗ ಬಿಡಿ ಅನ್ನೋದು ದೊಡ್ಡ ವಿದ್ಯೆ ಏನಲ್ಲ. ಬದಲಾಯಿಸಲೇಬೇಕು ಅಂದರೆ ಒಂದು ವರ್ಷ ಹಳೇ ಪುಟಕ್ಕೂ ಒಂದು ದಾರಿ ಇಡಿ. ಹೊಸ ಬಟನ್ ಮನೇಲಿರೋ ಹುಡುಗರು ನಿಧಾನಕ್ಕೆ ಅಜ್ಜಿಯರಿಗೆ ಕಲಿಸ್ತಾರೆ. ಈ ಮಾತನ್ನೇ ಮಗಳ ಕೈಲಿ ಇಂಗ್ಲಿಷಲ್ಲಿ ಬರೆಸಿ, ಪ್ಲೇ ಸ್ಟೋರಲ್ಲಿ ಒಂದು ಸ್ಟಾರ್ ಕೊಟ್ಟು ಹಾಕಿದೀನಿ. ಕೆಳಗೆ ಕನ್ನಡದಲ್ಲೂ ಹಾಕಿದೀನಿ. ನಿಮ್ಮ ಮನೇಲೂ ಹೀಗಾಗಿದ್ದರೆ ನೀವೂ ಬರೀರಿ, ಎರಡು ಸಾಲು ಸಾಕು.

ಅಷ್ಟರೊಳಗೆ ನಾವು ಮಾಡ್ಕೋಬಹುದಾದ್ದು ಇಷ್ಟು. ಪ್ಲೇ ಸ್ಟೋರಿಗೆ ಹೋಗಿ ಆ ಆಪಿನ ಪುಟ ತೆಗೀರಿ, ಮೇಲೆ ಬಲಗಡೆ ಮೂರು ಚುಕ್ಕಿ ಇರುತ್ತೆ, ಅದನ್ನ ಒತ್ತಿದರೆ ಆಟೋ ಅಪ್ಡೇಟ್ ಅಂತ ಬರುತ್ತೆ, ಅಲ್ಲಿರೋ ಟಿಕ್ ತೆಗೀರಿ. ಆಗ ತಾನಾಗೇ ಅಪ್ಡೇಟ್ ಆಗಲ್ಲ. ಕೆಲವು ಬದಲಾವಣೆ ಅವರ ಕಡೆಯಿಂದ ನೇರವಾಗೇ ಬರುತ್ತೆ, ಅದಕ್ಕೆ ಇದು ತಡೆ ಅಲ್ಲ. ಬ್ಯಾಂಕಿನದು, ಫೋನ್ ಪೇ ಥರದ ದುಡ್ಡಿನ ಆಪ್‌ಗಳಿಗೆ ಮಾತ್ರ ಹೀಗೆ ಮಾಡಬೇಡಿ, ಅವು ಅಪ್ಡೇಟ್ ಆಗ್ತಾ ಇರಬೇಕು.

ಅವ್ವಂಗೆ ನಾನು ಬೇರೆ ದಾರಿ ಹಿಡಿದೆ. ಪೇಟೇಲಿ ಒಂದು ಚಿಕ್ಕ ಸ್ಪೀಕರ್ ತಂದೆ, ಮೆಮೊರಿ ಕಾರ್ಡ್ ಹಾಕೋದು. ಅದರಲ್ಲಿ ಐದು ಗುಂಡಿ. ಮಗಳು ನಡುವಿನ ಗುಂಡಿ ಮೇಲೆ ಹೊಸ ಟಿಕ್ಲಿ ಅಂಟಿಸಿದಾಳೆ. ಕಾರ್ಡಿಗೆ ಹರಿಕಥೆ ತುಂಬಿಸೋದು ಇನ್ನೂ ಅರ್ಧ ಬಾಕಿ ಇದೆ, ಯಾರ ಹತ್ತಿರವಾದರೂ ಹಳೇ ಕ್ಯಾಸೆಟ್ ಇದ್ದರೆ ಹೇಳಿ, ಬಂದು ತಗೊಂಡು ಹೋಗಿ ಜೋಪಾನವಾಗಿ ವಾಪಸ್ ಕೊಡ್ತೀನಿ. ಆ ಫೋನನ್ನ ಅವ್ವ ಗೂಡಲ್ಲಿ ಇಟ್ಟಿದಾಳೆ, ಮುಟ್ಟಲ್ಲ. ಹಳೇ ಟಿಕ್ಲಿ ಅದರ ಮೇಲೇ ಇದೆ.

ಬಸಿಗಾಲುವೆ ಭಾಗ ಎರಡು, ಹಗಲು ಕರೆಂಟು ಬಂದ ಮೇಲೆ.