ತೊಂದರೆ ಕೊಡದ ಮಗು

ಅಧ್ಯಾಪಕನಾದವನಿಗೆ ‘ಮೌಲ್ಯಮಾಪನ’ ಎಂಬುದು ಬಹು ಪರಿಚಯದ ಮಾತು. ಉತ್ತರ ಪತ್ರಿಕೆಗಳ ಕಟ್ಟಿನ ಮುಂದೆ ಕುಳಿತು, ಕೆಂಪು ಶಾಯಿಯ ಲೇಖನಿ ಹಿಡಿದು, ಮುಖ ಕಾಣದ ಮಕ್ಕಳ ಹಣೆಬರಹವನ್ನು ಅಂಕಿಗಳಲ್ಲಿ ಬರೆಯುವ ಕೆಲಸವನ್ನು ನಾನು ಎಷ್ಟೋ ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಹಾಗಿದ್ದೂ ಕಳೆದ ವರ್ಷ, ನನ್ನ ಮಗಳ ಶಾಲೆಗೆ ಹೊಸದಾಗಿ ಬಂದ ಉಪಾಧ್ಯಾಯಿನಿಯೊಬ್ಬರು ಬಲು ಸಂಕೋಚದಿಂದ, “ಸರ್, ಮಗೂಗೆ ಒಂದು ಆಟಿಸಂ ಮೌಲ್ಯಮಾಪನ ಮಾಡಿಸಿದರೆ ಒಳ್ಳೆಯದೇನೋ” ಎಂದಾಗ ಅದೇ ಮಾತು ನನಗೆ ಬೈಗುಳದಂತೆ ಕೇಳಿಸಿತು. ಊರ ಮಕ್ಕಳಿಗೆಲ್ಲ ಅಂಕ ಕೊಡುವ ನನ್ನ ಮಗಳಿಗೆ ಅಂಕ ಕೊಡುವವರು ಯಾರು ಎಂಬ ಬಿಗುಮಾನ ಅದು. ಆ ಬಿಗುಮಾನದಿಂದ ಆದ ಹಾನಿಯನ್ನು ಮುಚ್ಚಿಡದೆ ಹೇಳಿಬಿಡುವುದು ಒಳ್ಳೆಯದೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ನನ್ನ ಊರು ಕೋರ. ತುಮಕೂರಿನಿಂದ ಶಿರಾ ಕಡೆಗೆ ಸಾಗುವ ಹೆದ್ದಾರಿಯ ಮಗ್ಗುಲಿನ ಹೋಬಳಿ ಗ್ರಾಮ. ದಿನವೂ ಬೆಳಗ್ಗೆ ಬಸ್ಸು ಹಿಡಿದು ಕಾಲೇಜಿಗೆ ಹೋಗುತ್ತೇನೆ. ಸಂಜೆ ಮರಳಿ ಮನೆಯ ಜಗಲಿಯ ಮೇಲೆ ಕುಳಿತು ಮರುದಿನದ ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುತ್ತೇನೆ. ಮಗಳಿಗೆ ನಾಲ್ಕು ವರ್ಷವಾಗಿದ್ದಾಗಲೇ ನಾನು ಓದಿದ ಕಂದಪದ್ಯಗಳೂ ಕುಮಾರವ್ಯಾಸನ ಷಟ್ಪದಿಗಳೂ ಅವಳ ಬಾಯಲ್ಲಿ ಅಕ್ಷರ ತಪ್ಪದೆ ಹೊರಳುತ್ತಿದ್ದವು. ಮನೆಗೆ ಯಾರೇ ಬರಲಿ, ಮಗುವನ್ನು ಕರೆದು ನಿಲ್ಲಿಸಿ ಪದ್ಯ ಹೇಳಿಸುವುದು ನನ್ನ ಪದ್ಧತಿಯಾಯಿತು. ಬಂದವರು ಬೆರಗಾಗುತ್ತಿದ್ದರು. ನಾನು ಬೀಗುತ್ತಿದ್ದೆ. ಪದ್ಯ ಹೇಳುವಾಗ ಅವಳ ಕಣ್ಣು ಗೋಡೆಯ ಮೇಲಿರುತ್ತಿತ್ತೇ ಹೊರತು ಯಾರ ಮುಖದ ಮೇಲೂ ಇರುತ್ತಿರಲಿಲ್ಲವೆಂಬುದನ್ನು ನಾನು ಕಂಡೂ ಕಾಣದವನಾಗಿದ್ದೆ.

ಭಾಮಿನಿಯ ಮಾತ್ರೆ ತಪ್ಪದ ಆ ಮಗುವಿಗೆ ‘ನನಗೆ ನೀರು ಕೊಡು’ ಎಂದು ಕೇಳಲು ಬರುತ್ತಿರಲಿಲ್ಲ. ಬಂದವರನ್ನು ನಮ್ಮ ತಾಯಿ ಉಪಚರಿಸುವ ಮಾತೊಂದುಂಟು: “ಕುಡಿಯೋಕೆ ನೀರು ಬೇಕೇನಪ್ಪಾ?” ಮಗಳು ಇದ್ದಕ್ಕಿದ್ದಂತೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅಜ್ಜಿಯ ಅದೇ ರಾಗದಲ್ಲಿ ಆ ಮಾತನ್ನು ಒಪ್ಪಿಸುತ್ತಿದ್ದಳು. ಅಜ್ಜಿಯನ್ನು ಅಣಕಿಸುತ್ತಾಳೆಂದು ಮನೆಮಂದಿಯೆಲ್ಲ ನಗುತ್ತಿದ್ದೆವು. ಕೆಲವೊಮ್ಮೆ ಅವಳು ಮತ್ತೆ ಮತ್ತೆ ಅದನ್ನೇ ಹೇಳಿ, ಕೊನೆಗೆ ಕಿವಿ ಮುಚ್ಚಿಕೊಂಡು ಅರಚುತ್ತಿದ್ದಳು. ಆಗ ಹಟಮಾರಿಯೆಂದು ಗದರುತ್ತಿದ್ದೆವು.

ಮೊದಲು ಅನುಮಾನಪಟ್ಟವಳು ನನ್ನ ಹೆಂಡತಿ. ಹೆಸರು ಹಿಡಿದು ಕರೆದರೆ ತಿರುಗದ ಮಗು, ದೂರದ ಬಸ್ಸಿನ ಸದ್ದಿಗೆ ಓಡಿಹೋಗುವುದೇಕೆ ಎಂಬುದು ಅವಳ ಪ್ರಶ್ನೆ. ನಮ್ಮ ತಾಯಿಯ ಬಳಿ ಸಮಾಧಾನ ಸಿದ್ಧವಾಗಿತ್ತು. “ನೀನೂ ಹಿಂಗೇ ಒಬ್ಬನೇ ಕೂತಿರ್ತಿದ್ದೆ ಕಣಪ್ಪ. ಈಗ ಮೇಷ್ಟ್ರಾಗಲಿಲ್ವ?” ಎಂದರು. ನೆರೆಯವರು ಬಸುರಿನಲ್ಲಿದ್ದಾಗ ಗ್ರಹಣದ ಹೊತ್ತು ಅವಳು ಅಂಗಳಕ್ಕೆ ಇಳಿದಿದ್ದಳೆಂದು ನೆನಪು ಮಾಡಿಕೊಟ್ಟರು. ಶಾಲೆಯಲ್ಲಿ ವರ್ಷವರ್ಷವೂ ಒಂದೇ ವರದಿ: “ಬಹಳ ಒಳ್ಳೆಯ ಹುಡುಗಿ, ಯಾರಿಗೂ ತೊಂದರೆ ಕೊಡುವುದಿಲ್ಲ.” ಹೀಗೆ ಹನ್ನೊಂದು ವರ್ಷ ಕಳೆಯಿತು.

ತಾಯಿಯ ಮೇಲೆ ತಪ್ಪು ಹೊರಿಸುವ ಬುದ್ಧಿ ಹಳ್ಳಿಗರದೊಂದೇ ಎಂದು ಓದಿದವರು ನಗಬೇಕಾಗಿಲ್ಲ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಅಮೆರಿಕದಲ್ಲಿ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಈ ಸ್ಥಿತಿಯನ್ನು ಜಗತ್ತಿಗೆ ಪರಿಚಯಿಸಿದರು. ಆಮೇಲಿನ ಎರಡು ದಶಕಗಳಲ್ಲಿ, ಪ್ರೀತಿಯಿಲ್ಲದ ತಣ್ಣನೆಯ ತಾಯಂದಿರೇ ಇದಕ್ಕೆ ಕಾರಣರೆಂಬ ವಾದ ಅಲ್ಲಿನ ಪಂಡಿತರಲ್ಲಿ ಬಲವಾಗಿ ಬೇರೂರಿತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಬರೆದ ಪುಸ್ತಕ ಅದನ್ನು ಮನೆಮನೆಗೂ ಮುಟ್ಟಿಸಿತು. ಸ್ವತಃ ಇಂಥ ಮಗನೊಬ್ಬನ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲೆಂಡ್ ಎಂಬ ಮನಶ್ಶಾಸ್ತ್ರಜ್ಞರು 1964ರಲ್ಲಿಯೇ ಆ ವಾದವನ್ನು ಅಲ್ಲಗಳೆದು, ಇದರ ಬೇರು ದೇಹಪ್ರಕೃತಿಯಲ್ಲಿದೆಯೆಂದು ಬರೆದಿದ್ದರು. ಇಂದು ಆಟಿಸಂ ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದೆಂದೂ, ಅದರಲ್ಲಿ ಅನುವಂಶೀಯತೆಯ ಪಾತ್ರ ದೊಡ್ಡದೆಂದೂ ವಿಜ್ಞಾನ ಒಪ್ಪಿದೆ. ಅವರಿಗೆ ತಣ್ಣನೆಯ ಎದೆ ಸಿಕ್ಕಿತು, ನಮಗೆ ಗ್ರಹಣ ಸಿಕ್ಕಿತು. ಕಟಕಟೆಯಲ್ಲಿ ನಿಂತವಳು ಮಾತ್ರ ಎರಡೂ ಕಡೆ ತಾಯಿಯೇ.

ಕೊನೆಗೂ ಹೋದೆವು. ರಕ್ತ ತೆಗೆದು, ಯಂತ್ರದೊಳಗೆ ಮಲಗಿಸಿ ಫಲಿತಾಂಶ ಹೇಳುತ್ತಾರೆಂದು ನಾನು ಎಣಿಸಿದ್ದೆ. ಆಟಿಸಂ ಇದೆಯೆಂದು ತೋರಿಸುವ ರಕ್ತಪರೀಕ್ಷೆಯಾಗಲಿ ಚಿತ್ರಪರೀಕ್ಷೆಯಾಗಲಿ ಇಲ್ಲ. ಮೊದಲು ಕಿವಿ ಸರಿಯಾಗಿ ಕೇಳಿಸುವುದೇ ಎಂದು ನೋಡಿದರು. ಅನಂತರ ಮಗುವನ್ನು ಆಟಕ್ಕೆ ಬಿಟ್ಟು ಗಮನಿಸುತ್ತ, ನಮ್ಮಿಬ್ಬರನ್ನು ಪ್ರಶ್ನೆ ಕೇಳಿದರು. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ಸಿದ್ಧಪಡಿಸಿದ ಭಾರತೀಯ ಅಳತೆಪಟ್ಟಿಯೊಂದಿದೆ. ಅದರಲ್ಲಿ 40 ಅಂಶಗಳು. ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಜನರೊಡನೆ ಬೆರೆಯುವ ಬಗೆ, ಭಾವ, ಮಾತು, ನಡವಳಿಕೆ, ಇಂದ್ರಿಯಗಳ ಅನುಭವ, ಗ್ರಹಿಕೆ ಎಂದು ಆರು ವಿಭಾಗ. ಮೊತ್ತ 70ಕ್ಕಿಂತ ಕಡಿಮೆಯಿದ್ದರೆ ಆಟಿಸಂ ಇಲ್ಲವೆಂದೂ, 153 ಮೀರಿದರೆ ತೀವ್ರವೆಂದೂ ಲೆಕ್ಕ. ಆ ಪಟ್ಟಿಯ ಕೊನೆಯ ಭಾಗದಲ್ಲಿ ಅಸಾಧಾರಣವಾದ ಜ್ಞಾಪಕಶಕ್ತಿಯೂ ಒಂದು ಅಂಶ. ಬಂದವರ ಮುಂದೆಲ್ಲ ನಾನು ಮೆರೆಸಿದ್ದ ಬಿರುದು ಅಲ್ಲಿ ಲಕ್ಷಣಗಳ ಸಾಲಿನಲ್ಲಿ ಕುಳಿತಿತ್ತು.

ಮಗು ಏನನ್ನಾದರೂ ಬೆರಳು ಮಾಡಿ ತೋರಿಸುತ್ತಿತ್ತೇ? ತನಗೆ ಸಂತೋಷವಾದಾಗ ನಿಮ್ಮ ಮುಖ ನೋಡುತ್ತಿತ್ತೇ? ಸರಳವಾದ ಪ್ರಶ್ನೆಗಳು. ನನ್ನ ಹೆಂಡತಿ ಒಂದೊಂದಕ್ಕೂ ತಿಂಗಳು ಸಮೇತ ಉತ್ತರ ಕೊಟ್ಟಳು. ನಾನು ತಡವರಿಸಿದೆ. ಆ ದಿನ ಪರೀಕ್ಷೆಯಾದದ್ದು ಮಗಳಿಗಲ್ಲ, ನಾಪಾಸಾದವನೂ ಅವಳಲ್ಲ. ನೀರಿನ ಮಾತನ್ನು ನಗುತ್ತಲೇ ಹೇಳಿದಾಗ ಆ ಮನಶ್ಶಾಸ್ತ್ರಜ್ಞೆ ನಗಲಿಲ್ಲ. “ಅದು ಅಣಕವಲ್ಲ. ಆ ಮಾತು ಆಡಿದಾಗ ನೀರು ಬರುತ್ತದೆಂದು ಮಗು ಕಲಿತಿದೆ. ಅವಳು ಇಷ್ಟು ವರ್ಷ ನೀರು ಕೇಳುತ್ತಿದ್ದಳು” ಎಂದರು. ನಾನು ಭಾಷೆಯ ಅಧ್ಯಾಪಕ. ಮನೆಯಲ್ಲಿ ಬಾಯಾರಿದ ಮಗುವಿನ ಮಾತಿನ ಅರ್ಥ ನನಗೆ ಹನ್ನೊಂದು ವರ್ಷ ಆಗಿರಲಿಲ್ಲ.

ಕನ್ನಡದಲ್ಲಿ ಈ ಸ್ಥಿತಿಗೆ ‘ಸ್ವಲೀನತೆ’ ಎಂದು ಹೆಸರಿಟ್ಟಿದ್ದಾರೆ. ತನ್ನಲ್ಲಿ ತಾನೇ ಮುಳುಗಿರುವುದು ಎಂದರ್ಥ. ಮೂಲದ ಗ್ರೀಕ್ ಪದಕ್ಕೆ ಇದು ಸರಿಯಾದ ಅನುವಾದವೇ ಆದರೂ ನನಗೆ ಈಗ ಆ ಪದದಲ್ಲಿ ಸಂದೇಹವಿದೆ. ನನ್ನ ಮಗಳು ತನ್ನಲ್ಲಿ ಲೀನಳಾಗಿರಲಿಲ್ಲ. ತನಗೆ ಸಿಕ್ಕಿದ ಮಾತನ್ನು ಹಿಡಿದು ನಮ್ಮ ಬಾಗಿಲನ್ನು ತಟ್ಟುತ್ತಿದ್ದಳು. ನಮ್ಮ ನಗೆಯಲ್ಲಿ ನಾವೇ ಲೀನರಾಗಿದ್ದೆವು.

“ಹೆಣ್ಣುಮಗು, ನಾಳೆ ಮದುವೆಯಾಗಬೇಕು, ಹೆಸರೊಂದನ್ನು ಏಕೆ ಅಂಟಿಸಿಕೊಂಡಿರಿ?” ಎಂದು ಹಿತೈಷಿಗಳು ಕೇಳುತ್ತಾರೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಮ್ಮ ಸಮಾಜವನ್ನು ನಾನೂ ಬಲ್ಲೆ. ಆದರೆ ಹೆಸರಿಡಬೇಡಿ ಎನ್ನುವ ಊರು ಅವಳಿಗೆ ಆಗಲೇ ಮಂಕು, ಮೊಂಡಿ, ಸೊಕ್ಕಿನವಳು ಎಂದು ಮೂರು ಹೆಸರು ಇಟ್ಟಿತ್ತು. ಆ ಮೂರರಿಂದ ಅವಳಿಗೆ ದೊರೆತದ್ದು ಗದರಿಕೆ ಮಾತ್ರ. ಈ ಹೆಸರಿನಿಂದ ಮಾತಿನ ತರಬೇತಿ ದೊರೆತಿದೆ. 2016ರಲ್ಲಿ ರೂಪುಗೊಂಡು 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಕಾಯಿದೆ ಗುರುತಿಸುವ 21 ಸ್ಥಿತಿಗಳಲ್ಲಿ ಆಟಿಸಂ ಕೂಡ ಒಂದು. ಪ್ರಮಾಣಪತ್ರದಲ್ಲಿ ನ್ಯೂನತೆ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ, 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿಯೂ ಈ ತಪಾಸಣೆ ನಡೆಯುತ್ತದೆ. ಕನ್ನಡ ನಾಡಿನಲ್ಲಿ ಇಂಥ ಎರಡು ಸಂಸ್ಥೆಗಳಿರುವುದು ನಮ್ಮ ಭಾಗ್ಯ. ಆದರೆ ಕೋರದ ಕೂಲಿಯವನೊಬ್ಬ ಮಗುವನ್ನು ಅಲ್ಲಿಗೆ ಕರೆದೊಯ್ಯಬೇಕಾದರೆ ದಿನದ ಸಂಬಳವನ್ನು ಬಿಡಬೇಕು. ಅದೂ ಒಂದೇ ದಿನಕ್ಕೆ ಮುಗಿಯುವ ಕೆಲಸವಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ತಿಂಗಳಿಗೆ ಒಂದು ದಿನವಾದರೂ ಇದಕ್ಕೆ ಮೀಸಲಾಗಬೇಕೆಂಬುದು ನನ್ನ ಅಭಿಪ್ರಾಯ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗೆ ಒಂದು ಬಾರಿ ಬರಬೇಕು. ಒಳ್ಳೆಯ ಏರ್ಪಾಡು. ಆದರೆ ಒಂದು ದಿನ ಬಂದು ಹೋಗುವವರ ಕಣ್ಣಿಗೆ ಸುಮ್ಮನೆ ಕುಳಿತ ಮಗು ಬೀಳುವುದು ಕಷ್ಟ. ವರ್ಷವಿಡೀ ಅದರೆದುರು ನಿಲ್ಲುವವರು ಉಪಾಧ್ಯಾಯರು. ಗಲಾಟೆ ಮಾಡುವ ಹುಡುಗನ ವಿಷಯ ಮಾತನಾಡಲು ನಾವು ತಂದೆಯನ್ನು ಕರೆಸುತ್ತೇವೆ. ಮೂಲೆಯ ಬೆಂಚಿನ ಮೌನಕ್ಕೆ ‘ಒಳ್ಳೆಯ ನಡತೆ’ ಎಂದು ಬರೆದು ಸಹಿ ಹಾಕುತ್ತೇವೆ. ನನ್ನ ತರಗತಿಗಳಲ್ಲಿಯೂ ಅಂಥವರು ಇದ್ದಿರಬೇಕು. ಅವರಿಗೂ ನಾನು ಬರಿಯ ಅಂಕವನ್ನೇ ಕೊಟ್ಟು ಕಳುಹಿಸಿದೆನಲ್ಲ ಎಂದು ಈಗ ನೋವಾಗುತ್ತದೆ.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ನಾಳೆ ಉಪಾಧ್ಯಾಯರಾಗುವವರು. ಅವರಲ್ಲಿ ನನ್ನದೊಂದು ಕೋರಿಕೆ. ಯಾರಿಗೂ ತೊಂದರೆ ಕೊಡದ ಮಗುವೊಂದು ನಿಮ್ಮ ತರಗತಿಯಲ್ಲಿದ್ದರೆ, ಅದಕ್ಕೇನು ತೊಂದರೆಯಿದೆಯೆಂದು ಒಮ್ಮೆ ಹತ್ತಿರ ಹೋಗಿ ನೋಡಿರಿ. ಸಂದೇಹ ಬಂದರೆ ತಂದೆತಾಯಿಗಳಿಗೆ ಹೇಳಿರಿ. ಅವರು ಕೋಪಿಸಿಕೊಂಡರೂ ಇನ್ನೊಮ್ಮೆ ಹೇಳಿರಿ. ನಾನು ಆ ಉಪಾಧ್ಯಾಯಿನಿಯ ಮೇಲೆ ಕೋಪಿಸಿಕೊಂಡಿದ್ದೆ. ಆಕೆ ಎರಡನೆಯ ಸಲವೂ ಹೇಳಿದರು. ಇಂದು ಮಗಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ‘ನೀರು ಬೇಕೇನಪ್ಪಾ’ ಎಂದರೆ, ನಮ್ಮ ಮನೆಯಲ್ಲಿ ಯಾರೂ ನಗುವುದಿಲ್ಲ. ಹತ್ತಿರವಿದ್ದವರು ಎದ್ದು ಹೋಗಿ ಲೋಟ ತುಂಬುತ್ತಾರೆ.