ಗಣಕ ಶೋಧಕನ ಅರ್ಹತಾಪತ್ರ

ನೆರೆಮನೆಯ ಗೃಹಸ್ಥರು ಮೊನ್ನೆ ಬಂದು, "ಮೇಷ್ಟ್ರೇ, ಕಾಲೇಜಿನಲ್ಲಿರುವ ನಮ್ಮ ಹುಡುಗನು ಸಿಸಾ ಪರೀಕ್ಷೆಗೆ ಕೂರುವನಂತೆ, ಸಾಲಮಾಡಿ ಶುಲ್ಕ ಕಟ್ಟಲೇ?" ಎಂದು ಕೇಳಿದರು.

ಸಂಸ್ಥೆಗಳ ಗಣಕಯಂತ್ರಗಳಲ್ಲಿ ಲೆಕ್ಕವು ಭದ್ರವಾಗಿದೆಯೇ, ಅನಧಿಕಾರಿಗಳ ಕೈ ಸೋಕಿದೆಯೇ ಎಂದು ಶೋಧಿಸುವವರಿಗಾಗಿ ಅಮೆರಿಕದ ಐಸಾಕಾ ಸಂಸ್ಥೆಯು 1978ರಲ್ಲಿ ಏರ್ಪಡಿಸಿದ ಅರ್ಹತಾಪತ್ರವಿದು. ಬ್ಯಾಂಕುಗಳಲ್ಲಿ ಇದಕ್ಕೆ ಮನ್ನಣೆಯುಂಟೆಂಬುದು ಸುಳ್ಳಲ್ಲ. ನಾಲ್ಕು ಗಂಟೆಗಳಲ್ಲಿ 150 ಪ್ರಶ್ನೆಗಳು. ಪರೀಕ್ಷೆಗೆ ಯಾರು ಬೇಕಾದರೂ ಕೂರಬಹುದು. ಆದರೆ ತೇರ್ಗಡೆಯಾದ ಮಾತ್ರಕ್ಕೆ ಪತ್ರವು ಕೈಸೇರದು. ಅದೇ ಬಗೆಯ ಕೆಲಸದಲ್ಲಿ 5 ವರ್ಷಗಳ ಅನುಭವ ಬೇಕು. ವಿದ್ಯಾರ್ಹತೆ ಮೊದಲಾದವುಗಳಿಂದ ಹೆಚ್ಚೆಂದರೆ 3 ವರ್ಷ ಕಳೆಯುವರು. ತೇರ್ಗಡೆಯಾದ 5 ವರ್ಷಗಳೊಳಗೆ ಅರ್ಜಿ ಸಲ್ಲಿಸದಿದ್ದರೆ ಬರೆದ ಪರೀಕ್ಷೆಯೂ ವ್ಯರ್ಥವೇ. ಪತ್ರ ದೊರೆತಮೇಲೂ ಮೂರು ವರ್ಷಕ್ಕೆ 120 ಗಂಟೆಗಳ ವ್ಯಾಸಂಗ ತಪ್ಪದು. (ಉಪಾಧ್ಯಾಯರಿಗೂ ಈ ನಿಯಮವಿದ್ದಿದ್ದರೆ ನಮ್ಮಲ್ಲಿ ಎಷ್ಟು ಮಂದಿ ಉಳಿಯುತ್ತಿದ್ದೆವೋ!)

"ಮೊದಲು ಉದ್ಯೋಗಕ್ಕೆ ಸೇರಲಿ, ಸಾಲ ಬೇಡಿ" ಎಂದೆನು. ಬಾಗಿಲ ಮರೆಯಲ್ಲಿದ್ದ ಹುಡುಗನ ಮುಖವು ಬಾಡಿತು.